ಚಿಕ್ಕ ಸೆನ್ಸರ್ ಕ್ಯಾಮೆರಾ ಮುಂದೆಯೂ ಇರುತ್ತಾ? ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಕ್ಯಾಮೆರಾ ಹಿಡಿದು ನಿಂತರೆ ಯಾರಾದರೊಬ್ಬರು ಹತ್ತಿರ ಬಂದೇ ಬರುತ್ತಾರೆ. "ಇದ್ಯಾವ ಕಂಪನಿ ಸಾರ್?" ಅಂತ ಶುರುವಾದ ಮಾತು "ಇದು ಇನ್ನೆಷ್ಟು ದಿನ ಇರುತ್ತೆ?" ಅನ್ನುವಲ್ಲಿಗೆ ಹೋಗಿ ನಿಲ್ಲುತ್ತದೆ. ನಾನು 2013ರಿಂದ ಮೈಕ್ರೋ ಫೋರ್ ಥರ್ಡ್ಸ್ ಅನ್ನುವ ಚಿಕ್ಕ ಸೆನ್ಸರ್‌ನ ಕ್ಯಾಮೆರಾ ಬಳಸುತ್ತಿದ್ದೇನೆ. ಆಗಿನಿಂದಲೂ ಈ ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. ಕೆರೆ ಏರಿಯಲ್ಲಿ, ಮಂಡ್ಯದ ಸ್ಟುಡಿಯೋ ಗೆಳೆಯರ ಜೊತೆ ಟೀ ಕುಡಿಯುವಾಗ, ಪತ್ರಗಳಲ್ಲಿ, ವಾಟ್ಸಾಪ್‌ನಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಸುಲಭದ್ದು ಮೊದಲು, ಕಗ್ಗಂಟು ಕೊನೆಗೆ.

## ಮೊದಲ ಹೆಜ್ಜೆ

ಚಿಕ್ಕ ಸೆನ್ಸರ್ ಅಂದ್ರೆ ಎಷ್ಟು ಚಿಕ್ಕದು ಸಾರ್?

ಹಳೆಯ ಕ್ಯಾಮೆರಾದಲ್ಲಿ ಫಿಲ್ಮ್ ಇದ್ದ ಜಾಗದಲ್ಲಿ ಈಗ ಬೆಳಕು ಹಿಡಿಯುವ ಒಂದು ಚಿಪ್ ಇರುತ್ತದೆ. ಅದೇ ಸೆನ್ಸರ್. ಹಳೆಯ ಫಿಲ್ಮ್ ರೋಲಿನ ಒಂದು ಚೌಕದಷ್ಟೇ, ಅಂದರೆ 36×24 ಎಂಎಂ ಇದ್ದರೆ ಅದು ಫುಲ್ ಫ್ರೇಮ್. ಎಪಿಎಸ್-ಸಿ ಸುಮಾರು 23.5×15.6 ಎಂಎಂ, ಕ್ಯಾನನ್‌ನದು ಅದಕ್ಕಿಂತ ಸ್ವಲ್ಪ ಕಡಿಮೆ. ಮೈಕ್ರೋ ಫೋರ್ ಥರ್ಡ್ಸ್ 17.3×13 ಎಂಎಂ. ಒಂದಿಂಚಿನ ಸೆನ್ಸರ್ ಅನ್ನುತ್ತಾರಲ್ಲ, ಅದರ ನಿಜವಾದ ಅಳತೆ 13.2×8.8 ಎಂಎಂ ಅಷ್ಟೇ. ಹೆಸರಿನಲ್ಲಿ ಮಾತ್ರ ಇಂಚು.

ಕಣ್ಣಳತೆಯಲ್ಲಿ ಹೇಳಬೇಕೆಂದರೆ ಫುಲ್ ಫ್ರೇಮ್ ಒಂದು ಅಂಚೆ ಚೀಟಿಯಷ್ಟು, ಮೈಕ್ರೋ ಫೋರ್ ಥರ್ಡ್ಸ್ ಹೆಬ್ಬೆರಳಿನ ಉಗುರಿನಷ್ಟು. ವಿಸ್ತೀರ್ಣ ಲೆಕ್ಕ ಹಾಕಿದರೆ ಹೆಚ್ಚು ಕಡಿಮೆ ನಾಲ್ಕಕ್ಕೆ ಒಂದು. ಈ ನಾಲ್ಕಕ್ಕೆ ಒಂದು ಅನ್ನುವುದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೊಬೈಲ್‌ನಲ್ಲೇ ಇಷ್ಟು ಚೆನ್ನಾಗಿ ಬರುತ್ತಲ್ವಾ, ಕ್ಯಾಮೆರಾ ಯಾಕೆ ಬೇಕು?

ಮನೆಯ ಫೋಟೋ, ಹಬ್ಬ, ಪ್ರವಾಸ, ಊಟದ ಎಲೆ ಇವಕ್ಕೆಲ್ಲ ಬೇಡ. ಮೊಬೈಲೇ ಸಾಕು. ಜಗತ್ತೂ ಹಾಗೇ ತೀರ್ಮಾನಿಸಿದೆ. ಜಪಾನಿನ ಕ್ಯಾಮೆರಾ ತಯಾರಕರ ಸಂಘದ ಲೆಕ್ಕದಲ್ಲಿ 2010ರಲ್ಲಿ 12 ಕೋಟಿಗೂ ಹೆಚ್ಚು ಡಿಜಿಟಲ್ ಕ್ಯಾಮೆರಾಗಳು ಮಾರುಕಟ್ಟೆಗೆ ಹೋದವು. 2023ರಲ್ಲಿ ಹೋಗಿದ್ದು ಸುಮಾರು 77 ಲಕ್ಷ. 2024ರಲ್ಲಿ ಸ್ವಲ್ಪ ಚೇತರಿಸಿಕೊಂಡು 85 ಲಕ್ಷದ ಹತ್ತಿರ ಬಂತು. ಇದರ ಮೇಲೆ ಒಂದಿಂಚಿನ ಸೆನ್ಸರ್ ಹಾಕಿದ ಮೊಬೈಲ್‌ಗಳೂ ಬಂದವು.

ಹಾಗಾದರೆ ಕ್ಯಾಮೆರಾಗೆ ಉಳಿದಿದ್ದೇನು? ಮೊಬೈಲಿಗೆ ಎಟುಕದ ದೂರ, ಮೊಬೈಲ್ ಹಿಡಿಯಲಾರದ ವೇಗ. ಮರದ ತುದಿಯ ಕಳ್ಳಿಪೀರ, ಕಬಡ್ಡಿ ಆಟಗಾರನ ಜಿಗಿತ, ಜೇಡದ ಕಣ್ಣು. ಇವು ಬೇಕಿದ್ದರೆ ಮಾತ್ರ ಮುಂದೆ ಓದಿ.

ಮಿರರ್‌ಲೆಸ್ ಅಂದ್ರೇನೇ ಚಿಕ್ಕ ಕ್ಯಾಮೆರಾ ಅಂತ ಅಲ್ವಾ?

ಒಂದು ಕಾಲಕ್ಕೆ ಹೌದು. 2008ರಲ್ಲಿ ಒಲಿಂಪಸ್ ಮತ್ತು ಪ್ಯಾನಾಸೋನಿಕ್ ಸೇರಿ ಮೈಕ್ರೋ ಫೋರ್ ಥರ್ಡ್ಸ್ ಪ್ರಕಟಿಸಿದವು. ಅದೇ ವರ್ಷ ಪ್ಯಾನಾಸೋನಿಕ್‌ನ ಜಿ1 ಬಂತು. ಒಳಗಿನ ಕನ್ನಡಿ ತೆಗೆದದ್ದರಿಂದ ಬಾಡಿ (ಲೆನ್ಸ್ ಬಿಟ್ಟ ಕ್ಯಾಮೆರಾ) ತೆಳ್ಳಗಾಯಿತು, ಲೆನ್ಸ್ ಚಿಕ್ಕದಾಯಿತು. ಜನ ಕೊಂಡದ್ದೇ ಅದಕ್ಕೆ.

2013ರಲ್ಲಿ ಸೋನಿ ಎ7 ಬಂದಾಗ ಲೆಕ್ಕ ತಿರುಗಿತು. ಫುಲ್ ಫ್ರೇಮ್ ಕೂಡ ಕನ್ನಡಿ ಕಳಚಿಕೊಂಡು ಹಗುರವಾಯಿತು. ಈಗ ಪರಿಸ್ಥಿತಿ ಹೇಗಿದೆ ನೋಡಿ: ಕ್ಯಾನನ್‌ನ ಫುಲ್ ಫ್ರೇಮ್ ಆರ್8 ಬ್ಯಾಟರಿ ಸೇರಿ 461 ಗ್ರಾಂ. ಮೈಕ್ರೋ ಫೋರ್ ಥರ್ಡ್ಸ್‌ನ ಓಎಂ-1 ಬ್ಯಾಟರಿ ಸೇರಿ 599 ಗ್ರಾಂ. ಓಎಂ-1ರೊಳಗೆ ಅಲುಗಾಟ ತಡೆಯುವ ವ್ಯವಸ್ಥೆ ಇದೆ, ಮಳೆ ತಡೆಯುವ ಗಟ್ಟಿತನ ಇದೆ, ಆರ್8ರ ಬಾಡಿಯಲ್ಲಿ ಅವು ಆ ಮಟ್ಟಕ್ಕಿಲ್ಲ. ಆದರೂ ಅಂಗಡಿಯಲ್ಲಿ ಎರಡನ್ನೂ ಕೈಗೆತ್ತಿಕೊಂಡವರಿಗೆ "ಚಿಕ್ಕ ಸೆನ್ಸರ್ ಅಂದರೆ ಹಗುರ" ಅನ್ನುವ ಮಾತು ಹಿಡಿಸುವುದಿಲ್ಲ. ಬಾಡಿಯ ತೂಕ ನೋಡಿ ಸಿಸ್ಟಮ್ ಆರಿಸಬೇಡಿ. ಲೆನ್ಸಿನ ಜೊತೆ ತೂಗಿ ನೋಡಿ.

## ಕೊಳ್ಳುವ ಮುಂಚೆ

ಹಕ್ಕಿ ಫೋಟೋಗೆ ಅಂತಾನೇ ತಗೋಬೇಕು. ರಂಗನತಿಟ್ಟು, ಕೊಕ್ಕರೆ ಬೆಳ್ಳೂರು, ವರ್ಷಕ್ಕೊಮ್ಮೆ ಕಬಿನಿ, ಇಷ್ಟೇ ನನ್ನ ಓಡಾಟ. ಯಾವುದು ಒಳ್ಳೇದು?

ಇದಕ್ಕೆ ನನ್ನ ಉತ್ತರದಲ್ಲಿ ಅನುಮಾನವೇ ಇಲ್ಲ. ಮೈಕ್ರೋ ಫೋರ್ ಥರ್ಡ್ಸ್. ಚಿಕ್ಕ ಸೆನ್ಸರ್‌ನ ಗುಣ ಗೊತ್ತಾಗುವುದೇ ಇಲ್ಲಿ.

ಸೆನ್ಸರ್ ಚಿಕ್ಕದಾದ್ದರಿಂದ ಇದರಲ್ಲಿ 300 ಎಂಎಂ ಲೆನ್ಸ್ ಹಾಕಿದರೆ ಫುಲ್ ಫ್ರೇಮಿನ 600 ಎಂಎಂ ಲೆನ್ಸಿನಷ್ಟು ಹತ್ತಿರ ಕಾಣುತ್ತದೆ. ಒಲಿಂಪಸ್‌ನ 75-300 ಲೆನ್ಸ್ 423 ಗ್ರಾಂ. ಪ್ಯಾನಾಸೋನಿಕ್‌ನ 100-300 ಲೆನ್ಸ್ 520 ಗ್ರಾಂ. ಫುಲ್ ಫ್ರೇಮಿನಲ್ಲಿ ಅಷ್ಟೇ ಹತ್ತಿರ ತರುವ ಸೋನಿ 200-600 ಲೆನ್ಸ್ ಎರಡು ಕೆ.ಜಿ. ದಾಟುತ್ತದೆ.

ಈ ತೂಕ ಕಾಗದದ ಮೇಲೆ ಗೊತ್ತಾಗುವುದಿಲ್ಲ, ರಂಗನತಿಟ್ಟಿನ ದೋಣಿಯಲ್ಲಿ ಗೊತ್ತಾಗುತ್ತದೆ. ಅಕ್ಕಪಕ್ಕ ಜನ, ಟ್ರೈಪಾಡ್ ಇಡಲು ಜಾಗವಿಲ್ಲ. ಹುಟ್ಟು ಹಾಕಿದಾಗಲೆಲ್ಲ ದೋಣಿ ತೂಗುತ್ತದೆ. ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆ ದಾಟುವಷ್ಟರಲ್ಲಿ ಎಡಗಡೆ ರೀವ ಹಕ್ಕಿಗಳ ಗುಂಪು ಎದ್ದಿರುತ್ತದೆ, ತಲೆ ಮೇಲೆ ಬಣ್ಣದ ಕೊಕ್ಕರೆ ಬಾಯಲ್ಲಿ ಕಡ್ಡಿ ಕಚ್ಚಿಕೊಂಡು ಹೋಗುತ್ತಿರುತ್ತದೆ. ಲೆನ್ಸ್ ಎತ್ತು, ಇಳಿಸು, ಮತ್ತೆ ಎತ್ತು. ಎರಡು ಕೆ.ಜಿ. ಹಿಡಿದವರ ತೋಳು ಹತ್ತು ನಿಮಿಷಕ್ಕೆ ನಡುಗುವುದನ್ನು ಪಕ್ಕದಲ್ಲೇ ಕೂತು ನೋಡಿದ್ದೇನೆ. ನನ್ನ ತಾಯಿಗೆ ಅರವತ್ತು ದಾಟಿದ ಮೇಲೆ ಹಕ್ಕಿ ಫೋಟೋದ ಹುಚ್ಚು ಹಿಡಿಯಿತು. ಅವರು ಇಡೀ ದೋಣಿ ಸುತ್ತು 75-300 ಲೆನ್ಸನ್ನು ಕೆಳಗಿಡದೆ ತೆಗೆದರು.

ಕೊಕ್ಕರೆ ಬೆಳ್ಳೂರಿಗೆ ಇಷ್ಟು ಉದ್ದದ ಲೆನ್ಸೂ ಬೇಡ. ಹೆಜ್ಜಾರ್ಲೆ (ಪೆಲಿಕನ್) ಗೂಡು ಕಟ್ಟುವುದು ಊರೊಳಗಿನ ಮರಗಳಲ್ಲೇ, ಮನೆಗಳ ಪಕ್ಕದಲ್ಲೇ. 150 ಎಂಎಂ ಸಾಕು. ಮರದ ಕೆಳಗೆ ನಿಂತು ಗದ್ದಲ ಮಾಡದಿದ್ದರೆ ಆಯಿತು.

ಕಬಿನಿಯ ಮಾತು ಬೇರೆ. ಬೆಳಗಿನ ಸಫಾರಿಯ ಮೊದಲ ಅರ್ಧ ಗಂಟೆಯಲ್ಲಿ ಮರದ ನೆರಳಲ್ಲಿ ಚಿರತೆ ಸಿಕ್ಕರೆ ಐಎಸ್‌ಓ 6400ಕ್ಕೆ ಏರಿಸಲೇಬೇಕಾಗುತ್ತದೆ (ಐಎಸ್‌ಓ ಏರಿಸಿದಷ್ಟೂ ಕತ್ತಲಲ್ಲಿ ಫೋಟೋ ಬೆಳಗುತ್ತದೆ, ಆದರೆ ಕಾಳುಕಾಳೂ ಹೆಚ್ಚುತ್ತದೆ). ಆ ಹೊತ್ತಿನಲ್ಲಿ ಫುಲ್ ಫ್ರೇಮ್ ಹಿಡಿದವರ ಫೋಟೋ ನನ್ನದಕ್ಕಿಂತ ಚೊಕ್ಕವಾಗಿರುತ್ತದೆ, ಒಪ್ಪಿಕೊಳ್ಳುತ್ತೇನೆ. ವರ್ಷಕ್ಕೊಮ್ಮೆ ಬರುವ ಆ ಅರ್ಧ ಗಂಟೆಗಾಗಿ ವರ್ಷವಿಡೀ ಭಾರ ಹೊರಬೇಕೇ ಅನ್ನುವುದನ್ನು ನೀವೇ ನಿರ್ಧರಿಸಿ.

ಮಂಡ್ಯದಲ್ಲಿ ಮದುವೆ ಫೋಟೋ ಮಾಡ್ತೀನಿ ಅಣ್ಣ. ಇದು ಸಾಕಾಗುತ್ತಾ?

ಫೋಟೋಗೆ ಬೇಡ, ತಮ್ಮ. ಕಲ್ಯಾಣ ಮಂಟಪದ ಬೆಳಕು ನಿನಗೇ ಗೊತ್ತು. ಧಾರೆಯ ಹೊತ್ತಿಗೆ ಸುತ್ತ ನೆಂಟರು ಮುತ್ತಿಕೊಂಡಿರುತ್ತಾರೆ, ವಿಡಿಯೋದವರ ಲೈಟು ಒಂದು ಕಡೆ, ಕತ್ತಲೆ ಇನ್ನೊಂದು ಕಡೆ. ಅಲ್ಲದೆ ಈಗಿನ ಗಿರಾಕಿ ಆಲ್ಬಂ ನೋಡಿ ಮೊದಲು ಕೇಳುವುದೇ "ಹಿಂದೆ ಬ್ಲರ್ ಬಂದಿಲ್ವಲ್ಲಾ" ಅಂತ. ಫುಲ್ ಫ್ರೇಮಿನಲ್ಲಿ 85 ಎಂಎಂ ಎಫ್/1.8 ಕೊಡುವ ಬ್ಲರ್ ಇಲ್ಲಿ ಬೇಕೆಂದರೆ ಎಫ್/0.9ರಷ್ಟು ಬಾಯಿ ಬಿಟ್ಟ ಲೆನ್ಸ್ ಬೇಕು (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸಿನ ಬಾಯಿ ಅಗಲ). ಈಗ ಫುಲ್ ಫ್ರೇಮ್ ಬಾಡಿಗಳ ಬೆಲೆಯೂ ಇಳಿದಿದೆ. ದುಡಿಮೆಯ ಸಾಮಾನು ಅದೇ ಇರಲಿ.

ವಿಡಿಯೋಗೆ ಮಾತ್ರ ನನ್ನ ಉತ್ತರ ಬೇರೆ. ಪ್ಯಾನಾಸೋನಿಕ್‌ನ ಜಿಎಚ್ ಸರಣಿ ಹುಟ್ಟಿದ್ದೇ ಅದಕ್ಕೆ. 2014ರ ಜಿಎಚ್4 ಕ್ಯಾಮೆರಾದೊಳಗೇ 4ಕೆ ರೆಕಾರ್ಡ್ ಮಾಡಿದ ಮೊದಲ ಮಿರರ್‌ಲೆಸ್. 2017ರ ಜಿಎಚ್5ರಲ್ಲಿ ರೆಕಾರ್ಡಿಂಗಿಗೆ ಸಮಯದ ಮಿತಿಯೇ ಇರಲಿಲ್ಲ. ಮುಹೂರ್ತದ ಮಧ್ಯೆ ನಿಂತುಹೋಗುವ ಭಯವಿಲ್ಲ. ಎರಡನೇ ಕ್ಯಾಮೆರಾ ಮಾಡಿ ಮೂಲೆಯಲ್ಲಿ ನಿಲ್ಲಿಸಿದರೆ ಮನೆ ತುಂಬಿಸಿಕೊಳ್ಳುವವರೆಗೂ ಓಡುತ್ತದೆ.

ದಸರಾದಲ್ಲಿ ಅರಮನೆ ಲೈಟಿಂಗ್ ತೆಗೀಬೇಕು. ರಾತ್ರಿ ಚಿಕ್ಕ ಸೆನ್ಸರ್ ಕೈ ಕೊಡುತ್ತೆ ಅಂತಾರೆ, ನಿಜಾನಾ?

ಅರಮನೆಗೆ ನಿಜವಲ್ಲ. ಅರಮನೆ ಅಲುಗಾಡುವುದಿಲ್ಲ ಅಲ್ವಾ? ಅಲುಗಾಡುವುದು ನಮ್ಮ ಕೈ. ಬಾಡಿಯೊಳಗೆ ಐದು ಅಕ್ಷದ ಅಲುಗಾಟ ತಡೆಯನ್ನು ಮೊದಲು ತಂದದ್ದೇ 2012ರ ಒಲಿಂಪಸ್ ಇ-ಎಂ5. ಸೆನ್ಸರ್ ಚಿಕ್ಕದು, ಹಗುರ. ಅದನ್ನು ಬೇಗ ಬೇಗ ಸರಿಸಿ ಕೈ ನಡುಕವನ್ನು ಸರಿದೂಗಿಸುವುದು ಸುಲಭ. ಉಸಿರು ಬಿಗಿಹಿಡಿದು ಒಂದು ಸೆಕೆಂಡ್ ಶಟರ್ ತೆರೆದಿಟ್ಟು, ಕಡಿಮೆ ಐಎಸ್‌ಓದಲ್ಲೇ, ಒಂದೊಂದು ಬಲ್ಬೂ ಬಿಡಿಬಿಡಿಯಾಗಿ ಬಂದ ಫೋಟೋ ನನ್ನ ಹತ್ತಿರ ಇದೆ. ಆ ಜನಜಂಗುಳಿಯಲ್ಲಿ ಟ್ರೈಪಾಡ್ ಬಿಚ್ಚುವ ಮಾತೇ ಇಲ್ಲ. ಜಂಬೂ ಸವಾರಿಯ ದಿನದ ತನಕ ಕಾಯಬೇಡಿ. ಭಾನುವಾರಗಳಂದು ಸಂಜೆ 7ಕ್ಕೆ ದೀಪ ಹಾಕುತ್ತಾರೆ, ಆಗ ಹೋಗಿ ಕೈ ಪಳಗಿಸಿಕೊಳ್ಳಿ.

ಅದೇ ದೀಪದಲ್ಲಿ ಕುಣಿಯುವ ಕಲಾವಿದರನ್ನು ತೆಗೆಯುತ್ತೇನೆ ಅಂದರೆ ಅಲುಗಾಟ ತಡೆ ಉಪಯೋಗಕ್ಕೆ ಬರುವುದಿಲ್ಲ. ಕೈ ನಿಂತರೂ ಕುಣಿಯುವವರು ನಿಲ್ಲುವುದಿಲ್ಲ. ಅದಕ್ಕೆ ಎಫ್/1.4, ಎಫ್/1.7ರಂಥ ಲೆನ್ಸ್ ಬೇಕು.

ಸೆಕೆಂಡ್ ಹ್ಯಾಂಡ್ ತಗೊಂಡ್ರೆ ಏನೇನು ನೋಡ್ಬೇಕು?

ಮೊದಲು ಲೆನ್ಸಿನೊಳಗೆ ಬೂಸ್ಟು. ಮೊಬೈಲ್ ಟಾರ್ಚನ್ನು ಲೆನ್ಸಿನ ಹಿಂದಿನಿಂದ ಓರೆಯಾಗಿ ಹಿಡಿದು ಮುಂದಿನಿಂದ ನೋಡಿ. ಜೇಡನ ಬಲೆಯಂಥ ಸಣ್ಣ ಎಳೆ ಕಂಡರೆ ಬೇಡ. ಮಳೆಗಾಲದಲ್ಲಿ ಚರ್ಮದ ಬ್ಯಾಗಿನಲ್ಲಿ ಹಾಕಿ ಬೀರುವಿನಲ್ಲಿಟ್ಟ ನನ್ನ ಒಳ್ಳೆಯ ಲೆನ್ಸೊಂದು ಹೀಗೇ ಹಾಳಾಯಿತು. ಈಗ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡುತ್ತೇನೆ.

ಆಮೇಲೆ ಬ್ಯಾಟರಿ. ಹಳೆಯ ಮಾದರಿಗಳಿಗೆ ಕಂಪನಿ ಬ್ಯಾಟರಿ ಸಿಗುವುದು ಕಷ್ಟ. ಅಗ್ಗದ ನಕಲಿ ಬ್ಯಾಟರಿಯೊಂದು ಊದಿಕೊಂಡು ನನ್ನ ಕ್ಯಾಮೆರಾದೊಳಗೆ ಸಿಕ್ಕಿಕೊಂಡಿತ್ತು. ರಿಪೇರಿಗೆ ಬೆಂಗಳೂರಿಗೆ ಕಳಿಸಿ ಎರಡು ತಿಂಗಳು ಕಾದೆ. ಸರ್ವಿಸ್ ಎಲ್ಲಿ ಸಿಗುತ್ತದೆ ಅನ್ನುವುದನ್ನು ದುಡ್ಡು ಕೊಡುವ ಮುಂಚೆಯೇ ಫೋನ್ ಮಾಡಿ ಕೇಳಿಕೊಳ್ಳಿ. ಮೈಸೂರಿನವರಿಗೆ ಇದು ಸಣ್ಣ ವಿಷಯ ಅಲ್ಲ.

## ಮುಂದೇನು?

ಒಲಿಂಪಸ್ ಮುಚ್ಚಿ ಹೋಯ್ತಂತೆ. ಮತ್ತೆ ಇವನ್ನೆಲ್ಲ ಯಾರು ಮಾಡ್ತಿದಾರೆ?

ಒಲಿಂಪಸ್ ಕಂಪನಿ ಇದೆ, ಆಸ್ಪತ್ರೆಯ ಎಂಡೋಸ್ಕೋಪ್ ಮಾಡುತ್ತಿದೆ. ಅದು ಬಿಟ್ಟಿದ್ದು ಕ್ಯಾಮೆರಾ ವ್ಯಾಪಾರವನ್ನು. 2020ರ ಜೂನ್‌ನಲ್ಲಿ ಜಪಾನ್ ಇಂಡಸ್ಟ್ರಿಯಲ್ ಪಾರ್ಟ್‌ನರ್ಸ್ ಅನ್ನುವ ಹೂಡಿಕೆ ಸಂಸ್ಥೆಗೆ ಮಾರುವುದಾಗಿ ಹೇಳಿತು. 2021ರ ಜನವರಿಯಿಂದ ಓಎಂ ಡಿಜಿಟಲ್ ಸೊಲ್ಯೂಷನ್ಸ್ ಅನ್ನುವ ಹೊಸ ಕಂಪನಿ ಅದನ್ನು ನಡೆಸುತ್ತಿದೆ. ಸೋನಿಯ ವಾಯೋ ಕಂಪ್ಯೂಟರ್ ವ್ಯಾಪಾರವನ್ನು 2014ರಲ್ಲಿ ಕೊಂಡಿದ್ದೂ ಇದೇ ಹೂಡಿಕೆ ಸಂಸ್ಥೆ.

ಆ ವಾರ ನನಗೆ ಬಂದ ಫೋನುಗಳಿಗೆ ಲೆಕ್ಕವಿಲ್ಲ. ಎಲ್ಲರೂ ಸಾವಿನ ಮನೆಗೆ ಮಾತಾಡಿದ ಹಾಗೆ ಮಾತಾಡಿದರು. ಆದರೆ ಆಮೇಲೆ 2022ರಲ್ಲಿ ಓಎಂ-1, 2024ರಲ್ಲಿ ಅದರ ಎರಡನೇ ಆವೃತ್ತಿ, 2025ರಲ್ಲಿ ಓಎಂ-3 ಮತ್ತು ಓಎಂ-5ರ ಎರಡನೇ ಆವೃತ್ತಿ ಬಂದವು. ಕೆಲವು ಹೊಸ ಮಾದರಿಗಳಲ್ಲಿ ಬದಲಾವಣೆ ಕಡಿಮೆ, ಅದು ನಿಜ. ಆದರೆ ಈ ಕಂಪನಿಗೆ ಬೇರೆ ಕ್ಯಾಮೆರಾ ಸಿಸ್ಟಮ್ ಇಲ್ಲ. ಮೈಕ್ರೋ ಫೋರ್ ಥರ್ಡ್ಸ್ ಬಿಟ್ಟರೆ ಅದಕ್ಕೆ ಉಳಿಯುವುದು ಬಹಳ ಕಡಿಮೆ. ನನಗೆ ಧೈರ್ಯ ಕೊಡುವುದೂ ಅದೇ, ಭಯ ಕೊಡುವುದೂ ಅದೇ.

ಪ್ಯಾನಾಸೋನಿಕ್ ಫುಲ್ ಫ್ರೇಮಿಗೆ ಹೋಯ್ತಲ್ಲ, ಇದನ್ನ ಬಿಟ್ಟುಬಿಡುತ್ತಾ?

2018ರಲ್ಲಿ ಲೈಕಾ, ಸಿಗ್ಮಾ ಜೊತೆ ಸೇರಿ ಎಲ್-ಮೌಂಟ್ ಕೂಟ ಮಾಡಿಕೊಂಡಿತು (ಮೌಂಟ್ ಅಂದರೆ ಬಾಡಿಗೆ ಲೆನ್ಸ್ ಸಿಕ್ಕಿಸುವ ಜಾಗ). 2019ರಲ್ಲಿ ಫುಲ್ ಫ್ರೇಮ್ ಎಸ್1 ತಂದಿತು. ಆದರೂ 2023ರಲ್ಲಿ ಜಿ9ರ ಎರಡನೇ ಆವೃತ್ತಿ, 2024ರಲ್ಲಿ ಜಿಎಚ್7 ತಂದಿದೆ. ಅಂದರೆ ಒಂದು ಕಾಲು ಅಲ್ಲಿ, ಒಂದು ಕಾಲು ಇಲ್ಲಿ. ವಿಡಿಯೋ ಮಾಡುವವರು ಕೊಳ್ಳುವವರೆಗೆ ಜಿಎಚ್ ಸರಣಿ ಇರುತ್ತದೆ ಅನ್ನುವುದು ನನ್ನ ಅಂದಾಜು. ಚಿಕ್ಕ, ಅಗ್ಗದ ಬಾಡಿಗಳ ವಿಷಯದಲ್ಲಿ ನನಗೆ ಆ ನಂಬಿಕೆ ಇಲ್ಲ.

ಎಲ್ಲಾ ಕಂಪನಿಗಳೂ ಫುಲ್ ಫ್ರೇಮ್ ಹಿಂದೆ ಯಾಕೆ ಓಡ್ತಿವೆ?

ಕೊಳ್ಳುವವರು ಕಡಿಮೆಯಾದಾಗ ಒಬ್ಬೊಬ್ಬರಿಂದ ಹೆಚ್ಚು ದುಡ್ಡು ಬರಬೇಕು. ಹತ್ತು ಅಗ್ಗದ ಕ್ಯಾಮೆರಾ ಮಾರುವ ಬದಲು ಎರಡು ದುಬಾರಿ ಬಾಡಿ, ಅದರ ಜೊತೆ ನಾಲ್ಕು ದುಬಾರಿ ಲೆನ್ಸ್ ಮಾರುವುದು ಲಾಭ. ಮೊಬೈಲಿಗೂ ಕ್ಯಾಮೆರಾಗೂ ಫೋಟೋದಲ್ಲಿ ವ್ಯತ್ಯಾಸ ಎದ್ದು ಕಾಣಬೇಕೆಂದರೂ ದೊಡ್ಡ ಸೆನ್ಸರ್ ಸುಲಭದ ದಾರಿ. ಬಾಡಿಯನ್ನು ಕಡಿಮೆ ಬೆಲೆಗೆ ಕೊಟ್ಟು ಒಳಗೆ ಕರೆದುಕೊಳ್ಳುತ್ತಾರೆ, ಲೆನ್ಸ್ ಕೊಳ್ಳುವಾಗ ಬಿಲ್ಲು ಗೊತ್ತಾಗುತ್ತದೆ.

ಹಿಂದೆ ಇಂಥ ಸಿಸ್ಟಮ್‌ಗಳು ನಿಂತು ಹೋಗಿಲ್ವಾ?

ಹೋಗಿವೆ, ಸಾಕಷ್ಟು. ನಿಕಾನ್ 1 ಸರಣಿ 2011ರಲ್ಲಿ ಒಂದಿಂಚಿನ ಸೆನ್ಸರ್ ಜೊತೆ ಬಂತು, 2018ರಲ್ಲಿ ನಿಂತಿತು. ಪೆಂಟಾಕ್ಸ್ ಕ್ಯೂ ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳುವಷ್ಟು ಪುಟ್ಟದು, ಅದೂ ಉಳಿಯಲಿಲ್ಲ. ಸ್ಯಾಮ್‌ಸಂಗ್ ಎನ್ಎಕ್ಸ್ ಎಪಿಎಸ್-ಸಿ ಆಗಿದ್ದರೂ, ಕ್ಯಾಮೆರಾ ಚೆನ್ನಾಗಿದ್ದರೂ ಕಂಪನಿಯೇ ಕೈ ಬಿಟ್ಟಿತು. ಕ್ಯಾನನ್ ಇಎಫ್-ಎಂ 2012ರಲ್ಲಿ ಹುಟ್ಟಿ 2023ಕ್ಕೆ ಮುಗಿಯಿತು.

ಇವುಗಳಲ್ಲಿ ಒಂದು ಸಾಮ್ಯ ಇದೆ. ಎಲ್ಲವೂ ಒಂದೊಂದೇ ಕಂಪನಿಯ ಸ್ವಂತ ಮೌಂಟ್. ಆ ಕಂಪನಿ ಬೇಡ ಅಂದ ದಿನ ಕತೆ ಮುಗಿಯಿತು. ಮೈಕ್ರೋ ಫೋರ್ ಥರ್ಡ್ಸ್ ಹಾಗಲ್ಲ. ಎರಡು ಕಂಪನಿ ಸೇರಿ ಮಾಡಿದ್ದು, ಸಿಗ್ಮಾ, ಲಾವಾ, ಫೋಕ್ಟ್‌ಲೆಂಡರ್ ಲೆನ್ಸ್ ಮಾಡಿವೆ, ಬ್ಲ್ಯಾಕ್‌ಮ್ಯಾಜಿಕ್ 2018ರಲ್ಲಿ ಇದೇ ಮೌಂಟಿನ ಪಾಕೆಟ್ ಸಿನಿಮಾ ಕ್ಯಾಮೆರಾ 4ಕೆ ತಂದಿತು. ಹಲವು ಬೇರು ಬಿಟ್ಟ ಮರ ಬೇಗ ಉರುಳುವುದಿಲ್ಲ.

ಎಪಿಎಸ್-ಸಿ, ಮೈಕ್ರೋ ಫೋರ್ ಥರ್ಡ್ಸ್ ಎರಡರಲ್ಲಿ ಯಾವುದು ಸೇಫು?

ಸೇಫ್ ಅನ್ನುವುದೊಂದನ್ನೇ ನೋಡಿದರೆ ಎಪಿಎಸ್-ಸಿ. ಕಾರಣ ಮೌಂಟ್. ಕ್ಯಾನನ್ ಆರ್7, ನಿಕಾನ್ ಝಡ್50ರ ಎರಡನೇ ಆವೃತ್ತಿ, ಸೋನಿ ಎ6700 ಇವುಗಳ ಮೌಂಟ್ ಮತ್ತು ಅದೇ ಕಂಪನಿಯ ಫುಲ್ ಫ್ರೇಮಿನ ಮೌಂಟ್ ಒಂದೇ. ಮುಂದೆ ಮೇಲಕ್ಕೆ ಹೋದರೂ ಲೆನ್ಸ್ ಜೊತೆಗೆ ಬರುತ್ತದೆ. ಫ್ಯೂಜಿಫಿಲ್ಮ್ ಫುಲ್ ಫ್ರೇಮ್ ಡಿಜಿಟಲ್ ಕ್ಯಾಮೆರಾ ಮಾಡಲೇ ಇಲ್ಲ. ಎಪಿಎಸ್-ಸಿಯನ್ನೇ ಮನಸ್ಸಿಟ್ಟು ಬೆಳೆಸಿತು, ಲೆನ್ಸ್‌ಗಳನ್ನು ಆ ಅಳತೆಗೇ ಮಾಡಿತು. ಚಿಕ್ಕ ಸೆನ್ಸರ್ ಅಂದರೆ ಕಳಪೆ ಅಲ್ಲ ಅಂತ ಜನರಿಗೆ ಮನವರಿಕೆ ಮಾಡಿಸಿದವರು ಅವರೇ ಅಂತ ನನ್ನ ಅಭಿಪ್ರಾಯ.

ಉಳಿದ ಕಂಪನಿಗಳ ಎಪಿಎಸ್-ಸಿಯಲ್ಲಿ ಲೆನ್ಸ್ ಕೊರತೆ ಇತ್ತು. ಕ್ಯಾನನ್ 2024ರಲ್ಲಿ ಸಿಗ್ಮಾ, ಟ್ಯಾಮ್ರಾನ್‌ಗಳಿಗೆ ಬಾಗಿಲು ತೆರೆದ ಮೇಲೆ ಅಲ್ಲೂ ಪರವಾಗಿಲ್ಲ ಅನ್ನುವಂತಾಗಿದೆ. ಆದರೆ ಹಕ್ಕಿಗೆ ಬೇಕಾದ ಉದ್ದನೆಯ ಲೆನ್ಸ್ ಕೇಳಿದರೆ ಇವರೆಲ್ಲ ತೋರಿಸುವುದು ಫುಲ್ ಫ್ರೇಮಿನ ಭಾರದ ಲೆನ್ಸನ್ನೇ. ಹಗುರದ ಲಾಭ ಅಲ್ಲಿಗೆ ಹೋಯಿತು.

ನನ್ನ ಹತ್ರ ಐದು ಲೆನ್ಸ್ ಇದೆ. ರೇಟು ಬೀಳೋ ಮುಂಚೆ ಮಾರಿಬಿಡ್ಲಾ?

ನಿಮ್ಮ ಫೋಟೋದಲ್ಲಿ ಏನು ಕೊರತೆ ಕಾಣುತ್ತಿದೆ ಅಂತ ಮೊದಲು ಹೇಳಿ. ಕೊರತೆ ಇದ್ದರೆ ಮಾರಿ, ಇಲ್ಲದಿದ್ದರೆ ಸುಮ್ನೆ ಇಟ್ಟುಕೊಳ್ಳಿ. ಸುದ್ದಿ ಓದಿ ಮಾರಬೇಡಿ. ಐದು ಲೆನ್ಸ್ ಮಾರಿ ಬಂದ ದುಡ್ಡಿನಲ್ಲಿ ಫುಲ್ ಫ್ರೇಮಿನ ಎರಡು ಬರುವುದೂ ಕಷ್ಟ. ಕಂಪನಿ ನಾಳೆ ನಿಂತರೂ ನಿಮ್ಮ ಲೆನ್ಸ್ ನಾಳಿದ್ದೂ ಕೆಲಸ ಮಾಡುತ್ತದೆ. 2003ರಲ್ಲಿ ಶುರುವಾದ ಹಳೆಯ ಫೋರ್ ಥರ್ಡ್ಸ್ ಲೆನ್ಸುಗಳನ್ನು ಇವತ್ತಿಗೂ ಅಡಾಪ್ಟರ್ ಹಾಕಿ ಬಳಸುವವರಿದ್ದಾರೆ. ಹೊಸದಾಗಿ ಕೊಳ್ಳುವಾಗಲೂ ಇದೇ ಮಾತು: ಮುಂದೆ ಬರುತ್ತದೆ ಅಂದದ್ದನ್ನು ನಂಬಿ ಕೊಳ್ಳಬೇಡಿ. ಈಗ ಅಂಗಡಿಯಲ್ಲಿ ಇರುವುದು ನಿಮ್ಮ ಕೆಲಸಕ್ಕೆ ಸಾಕಾದರೆ ಕೊಳ್ಳಿ.

ಚಿಕ್ಕ ಸೆನ್ಸರ್ ಉಳೀಬೇಕು ಅಂದ್ರೆ ಕಂಪನಿಗಳು ಏನು ಮಾಡ್ಬೇಕು?

ಚಿಕ್ಕ ಕ್ಯಾಮೆರಾ ಮಾಡಬೇಕು. ಇಷ್ಟು ಸರಳ ಮಾತು, ಇದನ್ನೇ ಹತ್ತು ವರ್ಷದಿಂದ ಹೇಳುತ್ತಿದ್ದೇನೆ.

ಪ್ಯಾನಾಸೋನಿಕ್ 2013ರಲ್ಲಿ ಜಿಎಂ1 ಮಾಡಿತ್ತು. ಬ್ಯಾಟರಿ ಸೇರಿ 204 ಗ್ರಾಂ. ಅಂಗಿ ಜೇಬಿನಲ್ಲಿ ಇಟ್ಟುಕೊಂಡು ದೇವರಾಜ ಮಾರುಕಟ್ಟೆಗೆ ಹೋಗುತ್ತಿದ್ದೆ. ಒಂದು ಬೆಳಿಗ್ಗೆ ಹೂವಿನ ಸಾಲಿನಲ್ಲಿ ಮೊಳ ಹಾಕುತ್ತಿದ್ದ ಅಜ್ಜಿಯ ಕೈ ತೆಗೆದೆ. ಎಡಗೈ ಬೆರಳಿನಿಂದ ಮೊಣಕೈವರೆಗೆ ಮಲ್ಲಿಗೆ, ಬಲಗೈಯಲ್ಲಿ ಬಾಳೆ ನಾರು. ಕ್ಯಾಮೆರಾ ಕಂಡಿದ್ದರೂ ಅವರು ಕೆಲಸ ನಿಲ್ಲಿಸಲಿಲ್ಲ, ಸೆರಗು ಸರಿ ಮಾಡಿಕೊಳ್ಳಲಿಲ್ಲ. "ಮೊಬೈಲಾ?" ಅಂದರು, ಅಷ್ಟೇ. ದೊಡ್ಡ ಕ್ಯಾಮೆರಾ ತೆಗೆದಿದ್ದರೆ ಆ ಕೈ ನಿಂತುಹೋಗುತ್ತಿತ್ತು.

ಅಂಥ ಬಾಡಿ ಈಗ ಯಾರೂ ಮಾಡುತ್ತಿಲ್ಲ. ಜಿ9ರ ಎರಡನೇ ಆವೃತ್ತಿಯನ್ನು ಪ್ಯಾನಾಸೋನಿಕ್‌ನ ಫುಲ್ ಫ್ರೇಮ್ ಎಸ್5ರ ಎರಡನೇ ಆವೃತ್ತಿಯ ಪಕ್ಕ ಇಟ್ಟು ನೋಡಿ, ಬಾಡಿ ಹೆಚ್ಚು ಕಡಿಮೆ ಒಂದೇ. ಒಳಗಿನ ಸೆನ್ಸರ್ ಮಾತ್ರ ಕಾಲು ಭಾಗ. ಸೆನ್ಸರ್ ಚಿಕ್ಕದು ಮಾಡಿ ಕ್ಯಾಮೆರಾ ದೊಡ್ಡದು ಮಾಡಿದರೆ ಕೊಳ್ಳುವವನಿಗೆ ಏನು ಸಿಕ್ಕ ಹಾಗಾಯಿತು? ಓಎಂ ಕಂಪನಿಯ 150-600 ಲೆನ್ಸ್ ಕೂಡ ಎರಡು ಕೆ.ಜಿ. ದಾಟುತ್ತದೆ. ಅದೇ ಕಂಪನಿ 2025ರಲ್ಲಿ ತಂದ 50-200 ಎಫ್/2.8 ನೋಡಿದಾಗ ಮಾತ್ರ ಸಮಾಧಾನವಾಯಿತು. ಸುಮಾರು ಒಂದು ಕೆ.ಜಿ.ಯಲ್ಲಿ, ಫುಲ್ ಫ್ರೇಮಿನ 100-400ರಷ್ಟು ನೋಟ, ಉದ್ದಕ್ಕೂ ಎಫ್/2.8. ದಾರಿ ಇದು.

ಮ್ಯಾಕ್ರೋ, ಅಂದರೆ ಹುಳುವಿನಂಥ ಸಣ್ಣದನ್ನು ತೀರಾ ಹತ್ತಿರದಿಂದ ತೆಗೆಯುವುದು, ಅದೂ ಇವರ ಗಟ್ಟಿ ನೆಲ. 2012ರಿಂದ ಇರುವ 60 ಎಂಎಂ ಮ್ಯಾಕ್ರೋ 185 ಗ್ರಾಂ, ಒಂದು ಲೋಟ ಕಾಫಿಗಿಂತ ಹಗುರ. ಹಕ್ಕಿ, ಹುಳು, ಬೆಟ್ಟ, ಬೀದಿ, ಅಂದರೆ ನಡೆದು ಹೋಗಿ ತೆಗೆಯುವ ಫೋಟೋ. ಅಲ್ಲಿ ಗಟ್ಟಿಯಾಗಿ ನಿಂತರೆ ಉಳಿಯುತ್ತಾರೆ. ಮದುವೆ ಮಂಟಪದಲ್ಲಿ ಫುಲ್ ಫ್ರೇಮ್ ಜೊತೆ ಗುದ್ದಾಡಲು ಹೋದರೆ ಇಲ್ಲ.

## ಸ್ವಲ್ಪ ಆಳಕ್ಕೆ

ಎಫ್/2.8 ಅಂದ್ರೆ ಎಲ್ಲಾ ಕಡೆ ಎಫ್/2.8 ತಾನೆ? ಚಿಕ್ಕ ಸೆನ್ಸರಲ್ಲಿ ಎಫ್/5.6 ಆಗುತ್ತೆ ಅಂತ ಯಾಕೆ ಹೇಳ್ತಾರೆ?

ಎರಡೂ ಸರಿ. ಹಪ್ಪಳ ಒಣಗಿಸುವುದನ್ನು ನೆನೆಸಿಕೊಳ್ಳಿ. ಮಹಡಿಯ ಮೇಲೆ ಒಂದು ದೊಡ್ಡ ಚಾಪೆ, ಅದರ ಕಾಲು ಭಾಗದ ಒಂದು ಚಿಕ್ಕ ಚಾಪೆ. ಬಿಸಿಲು ಎರಡಕ್ಕೂ ಒಂದೇ, ಎರಡರ ಮೇಲಿನ ಹಪ್ಪಳವೂ ಒಂದೇ ಹೊತ್ತಿಗೆ ಒಣಗುತ್ತದೆ. ಅದು ಎಕ್ಸ್‌ಪೋಶರ್. ಆದ್ದರಿಂದ ಎಫ್/2.8ರಲ್ಲಿ ಶಟರ್ ವೇಗ, ಐಎಸ್‌ಓ ಎರಡೂ ಕ್ಯಾಮೆರಾದಲ್ಲಿ ಒಂದೇ ಬರುತ್ತದೆ. ಆದರೆ ಸಂಜೆ ಎಣಿಸಿದರೆ ದೊಡ್ಡ ಚಾಪೆಯಲ್ಲಿ ನಾಲ್ಕು ಪಟ್ಟು ಹಪ್ಪಳ. ಅದು ಒಟ್ಟು ಹಿಡಿದ ಬೆಳಕು.

ಫೋಟೋದ ಕಾಳುಕಾಳು ನಿರ್ಧಾರವಾಗುವುದು ಈ ಒಟ್ಟು ಬೆಳಕಿನಿಂದ. ಒಂದು ಸ್ಟಾಪ್ ಅಂದರೆ ಬೆಳಕು ದುಪ್ಪಟ್ಟು, ನಾಲ್ಕು ಪಟ್ಟು ಅಂದರೆ ಎರಡು ಸ್ಟಾಪ್. ಬ್ಲರ್ ವಿಷಯದಲ್ಲೂ ಅದೇ ಎರಡು ಸ್ಟಾಪ್. ಅದಕ್ಕೇ ಎಫ್/2.8 ಇಲ್ಲಿ ಫುಲ್ ಫ್ರೇಮಿನ ಎಫ್/5.6ರ ಹಾಗೆ ಕಾಣುತ್ತದೆ ಅನ್ನುವುದು. ಮ್ಯಾಕ್ರೋದಲ್ಲಿ ಇದೇ ವರ. ಜೇಡದ ಕಣ್ಣೂ ಕಾಲೂ ಎರಡೂ ಸ್ಪಷ್ಟ ಬೇಕಾದಾಗ ನಾನು ಎಫ್/8ಕ್ಕೆ ನಿಲ್ಲಿಸುತ್ತೇನೆ. ಅದಕ್ಕಿಂತ ಮುಂದೆ ಮುಚ್ಚಿದರೆ ಚಿಕ್ಕ ಪಿಕ್ಸೆಲ್‌ಗಳಲ್ಲಿ ಬೆಳಕು ಹರಡಿ ಮಸುಕಾಗಲು ಶುರುವಾಗುತ್ತದೆ.

ಹಾಗಾದ್ರೆ 300 ಎಫ್/4 ಲೆನ್ಸು 600 ಎಫ್/4ಕ್ಕೆ ಸಮ ಅನ್ನೋದು ಸುಳ್ಳಾ?

ನೋಟಕ್ಕೆ, ಶಟರ್ ವೇಗಕ್ಕೆ ಸಮ. ಒಟ್ಟು ಬೆಳಕಿಗೆ ಅಲ್ಲ. 300 ಎಫ್/4ರ ಬಾಯಿ 75 ಎಂಎಂ ಅಗಲ, 600 ಎಫ್/4ರದು 150 ಎಂಎಂ. ಅದಕ್ಕೇ ಅದು ಮೂರು ಕೆ.ಜಿ. ತೂಗುತ್ತದೆ.

ಇಲ್ಲಿ ಪ್ರಾಮಾಣಿಕವಾಗಿ ಇನ್ನೊಂದು ಮಾತು ಹೇಳಬೇಕು. 2023ರಲ್ಲಿ ನಿಕಾನ್ 600 ಎಂಎಂ ಎಫ್/6.3 ತಂದಿತು. ವಿಶೇಷ ಗಾಜು ಬಳಸಿ, ಕಾಲರ್ (ಟ್ರೈಪಾಡಿಗೆ ಕೂರಿಸುವ ಬಳೆ) ಸೇರಿ 1470 ಗ್ರಾಂಗೆ ಇಳಿಸಿತು. ಒಲಿಂಪಸ್ 300 ಎಫ್/4 ಕಾಲರ್ ಸೇರಿ 1475 ಗ್ರಾಂ. ತೂಕ ಒಂದೇ, ನಿಕಾನ್‌ನ ಬಾಯಿ ಇನ್ನೂ ಅಗಲ. ನಮ್ಮ ನೆಲಕ್ಕೇ ಬಂದು ನಿಂತ ಲೆನ್ಸ್ ಅದು. ನಮಗೆ ಉಳಿದದ್ದು ಬೆಲೆ. ಅಮೆರಿಕದಲ್ಲಿ ಬಿಡುಗಡೆಯಾದಾಗ ಅದು 4,800 ಡಾಲರಿನ ಹತ್ತಿರ, ಒಲಿಂಪಸ್ 2,500 ಡಾಲರಿನ ಹತ್ತಿರ. ಚಿಕ್ಕ ಸೆನ್ಸರ್‌ನ ಮೊದಲ ಪೈಪೋಟಿ ಈಗ ಇಂಥ ಲೆನ್ಸ್‌ಗಳ ಜೊತೆ.

ಎಐ ಡಿನಾಯ್ಸ್ ಬಂದ ಮೇಲೆ ಸೆನ್ಸರ್ ಸೈಜ್ ಲೆಕ್ಕಕ್ಕಿಲ್ಲ ಅಂತಾರಲ್ಲ?

ಅರ್ಧ ನಿಜ. ಡಿನಾಯ್ಸ್ ಅಂದರೆ ಫೋಟೋದ ಕಾಳುಕಾಳನ್ನು ಸಾಫ್ಟ್‌ವೇರ್‌ನಲ್ಲಿ ಅಳಿಸುವುದು. ಡಿಎಕ್ಸ್ಓ ಪ್ಯೂರ್‌ರಾ, 2023ರಲ್ಲಿ ಲೈಟ್‌ರೂಮಿಗೆ ಬಂದ ಡಿನಾಯ್ಸ್ ಇವುಗಳಿಂದ ನನ್ನ ಹಳೆಯ ಕಬಿನಿ ಫೈಲುಗಳಿಗೆ ಮರುಜೀವ ಬಂತು. ಆದರೆ ಫುಲ್ ಫ್ರೇಮಿನವರ ಹತ್ತಿರವೂ ಅದೇ ಸಾಫ್ಟ್‌ವೇರ್ ಇದೆ. ಅಂತರ ಮುಚ್ಚಿಲ್ಲ. ಆದದ್ದೇನೆಂದರೆ "ಸಾಕು" ಅನ್ನುವ ಗೆರೆಯನ್ನು ಚಿಕ್ಕ ಸೆನ್ಸರ್ ದಾಟಿತು. ಮೊದಲು ಐಎಸ್‌ಓ 3200ಕ್ಕೆ ಹೆದರುತ್ತಿದ್ದೆ. ಈಗ 6400ರ ಫೋಟೋವನ್ನು ಗೋಡೆಗೆ ಹಾಕಿದ್ದೇನೆ.

ಸ್ಟ್ಯಾಕ್ಡ್ ಸೆನ್ಸರ್, ಪ್ರೊ ಕ್ಯಾಪ್ಚರ್ ಇವೆಲ್ಲ ನಿಜವಾಗ್ಲೂ ಬೇಕಾ?

ಹಾರುವ ಹಕ್ಕಿಗೆ ಬೇಕು. ಮಂಡ್ಯದ ಹತ್ತಿರ ವಿ.ಸಿ. ನಾಲೆಯ ದಂಡೆಯಲ್ಲಿ ಕಬ್ಬಿನ ಗದ್ದೆ ಪಕ್ಕದ ತಂತಿಯ ಮೇಲೆ ಒಂದು ಮಿಂಚುಳ್ಳಿ ಕೂರುತ್ತಿತ್ತು. ಅದು ಯಾವಾಗ ಧುಮುಕುತ್ತದೆ ಅಂತ ಹೇಳಲಾಗದು. ಧುಮುಕಿತು ಅಂತ ಕಣ್ಣಿಗೆ ಗೊತ್ತಾಗಿ ಬೆರಳು ಒತ್ತುವಷ್ಟರಲ್ಲಿ ಬರೀ ತಂತಿ. ಪ್ರೊ ಕ್ಯಾಪ್ಚರ್‌ನಲ್ಲಿ ಬಟನ್ ಅರ್ಧ ಒತ್ತಿ ಹಿಡಿದರೆ ಕ್ಯಾಮೆರಾ ಒಳಗೊಳಗೇ ತೆಗೆಯುತ್ತಾ ಹಳೆಯದನ್ನು ಅಳಿಸುತ್ತಾ ಇರುತ್ತದೆ. ಪೂರ್ತಿ ಒತ್ತಿದಾಗ, ಒತ್ತುವ ಮುಂಚಿನ ಫ್ರೇಮುಗಳೂ ಕಾರ್ಡಿಗೆ ಬರುತ್ತವೆ. ನಲವತ್ತು ನಿಮಿಷ ಕಾದು ಸಿಕ್ಕಿದ ಒಂದು ಫ್ರೇಮಿನಲ್ಲಿ ಉಗುರು ಮಾತ್ರ ತಂತಿಗೆ ತಾಗಿದೆ, ಮೈ ಆಗಲೇ ನೀರಿನ ಕಡೆ ಬಾಗಿದೆ.

ಒಲಿಂಪಸ್‌ನಲ್ಲಿ ಇದು 2016ರ ಇ-ಎಂ1ರ ಎರಡನೇ ಆವೃತ್ತಿಯಿಂದಲೇ ಇದೆ. ಆದರೆ ಹಳೆಯ ಸೆನ್ಸರ್ ನಿಧಾನಕ್ಕೆ ಓದುತ್ತಿದ್ದರಿಂದ ರೆಕ್ಕೆ ಸೊಟ್ಟಗೆ ಬರುತ್ತಿತ್ತು. ಓಎಂ-1ರದು ಬೇಗ ಓದುವ ಸ್ಟ್ಯಾಕ್ಡ್ ಸೆನ್ಸರ್, ಸೆಕೆಂಡಿಗೆ 120 ಫ್ರೇಮ್ ತನಕ ಹೋಗುತ್ತದೆ, ರೆಕ್ಕೆ ನೆಟ್ಟಗಿರುತ್ತದೆ. ಚಿಕ್ಕ ಸೆನ್ಸರನ್ನು ಬೇಗ ಓದುವುದು ಸುಲಭ. ಈ ಲಾಭವನ್ನು ಇನ್ನಷ್ಟು ಮುಂದೆ ಒಯ್ಯಬೇಕಿತ್ತು. ಅಷ್ಟರಲ್ಲಿ ಸೋನಿ 2023ರಲ್ಲಿ ಎ9ರ ಮೂರನೇ ಆವೃತ್ತಿಯಲ್ಲಿ ಇಡೀ ಸೆನ್ಸರನ್ನು ಒಂದೇ ಸಲ ಓದುವ ಗ್ಲೋಬಲ್ ಶಟರ್ ತಂದುಬಿಟ್ಟಿತು, ಅದೂ ಫುಲ್ ಫ್ರೇಮಿನಲ್ಲಿ.

ಹತ್ತು ವರ್ಷದಿಂದ ಅದೇ 20 ಮೆಗಾಪಿಕ್ಸೆಲ್. ಬೇರೆಯವರು 40, 60ಕ್ಕೆ ಹೋಗಿದಾರೆ. ಸಾಕಾ?

2015-16ರಿಂದ 20, ಪ್ಯಾನಾಸೋನಿಕ್‌ನಲ್ಲಿ 2022ರಿಂದ 25. ಫ್ಯೂಜಿ ಎಪಿಎಸ್-ಸಿಯಲ್ಲೇ 40 ಕೊಟ್ಟಿದೆ. ಹಕ್ಕಿ ಫೋಟೋವನ್ನು ಕತ್ತರಿಸಿ ಕತ್ತರಿಸಿ ಹತ್ತಿರ ತರುವವರಿಗೆ ಈ ವ್ಯತ್ಯಾಸ ತಟ್ಟುತ್ತದೆ. ಮುಂದಿನ ಸೆನ್ಸರ್ ಯಾವಾಗ ಅನ್ನುವುದೇ ಈ ಸಿಸ್ಟಮ್‌ನ ಆರೋಗ್ಯ ತಿಳಿಯಲು ನಾನು ನೋಡುವ ಗುರುತು.

ನಿಂತ ವಸ್ತುಗಳಿಗೆ ಉಪಾಯ ಇದೆ. ಸೆನ್ಸರನ್ನು ಕೂದಲೆಳೆಗಿಂತ ಕಡಿಮೆ ಸರಿಸಿ ಹಲವು ಫೋಟೋ ತೆಗೆದು ಒಂದಾಗಿ ಹೊಲಿಯುವ ಹೈ ರೆಸ್ ಮೋಡ್. ಓಎಂ-1ರಲ್ಲಿ ಕೈಯಲ್ಲೇ ಹಿಡಿದು 50, ಟ್ರೈಪಾಡ್ ಮೇಲೆ 80 ಮೆಗಾಪಿಕ್ಸೆಲ್. ಸೋಮನಾಥಪುರದ ಕೇಶವ ದೇವಾಲಯದಲ್ಲಿ ಟ್ರೈಪಾಡ್ ಇಡಲು ಪುರಾತತ್ವ ಇಲಾಖೆಯ ಅನುಮತಿ ಬೇಕು. ನಾನು ಕಂಬಕ್ಕೆ ಒರಗದೆ, ಎರಡೂ ಮೊಣಕೈ ಪಕ್ಕೆಗೆ ಒತ್ತಿಕೊಂಡು, ಹೊರಗೋಡೆಯ ಆನೆಸಾಲನ್ನು ಕೈಯಲ್ಲೇ ತೆಗೆದೆ. ಮನೆಗೆ ಬಂದು ಹಿಗ್ಗಿಸಿ ನೋಡಿದರೆ ಆನೆಯ ಕೊರಳಿನ ಗಂಟೆಸರದಲ್ಲಿ ಒಂದೊಂದು ಗಂಟೆಯನ್ನೂ ಎಣಿಸಬಹುದಿತ್ತು. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಹೋಗಿ. ಓರೆ ಬಿಸಿಲು ಬೀಳುತ್ತದೆ, ಕೆತ್ತನೆ ಎದ್ದು ಕಾಣುತ್ತದೆ, ಫ್ರೇಮಿನಲ್ಲಿ ಜನ ಓಡಾಡುವುದಿಲ್ಲ.